ಡಿಯೋ ಡಬ್ಬಿಯ ಗಾಡಿ

ತುಕ್ಕು ತೆಗೆಯುವುದು ನನ್ನ ಹೊಟ್ಟೆಪಾಡು. ಉಪ್ಪಳದಲ್ಲಿ ಗಾಡಿಗಳಿಗೆ ಪೇಂಟ್ ಹೊಡೆಯುವ ಸಣ್ಣ ಗ್ಯಾರೇಜ್ ಉಂಟು, 22 ವರ್ಷ ಆಯಿತು. ಕಡಲ ಬದಿಯ ಊರಾದ್ದರಿಂದ ಕೆಲಸಕ್ಕೆ ಬರ ಇಲ್ಲ. ಉಪ್ಪು ಗಾಳಿ ಬಾಗಿಲಿನ ಕೆಳಗಿನ ಅಂಚನ್ನು ಮೊದಲು ಹಿಡಿಯುತ್ತದೆ, ಆಮೇಲೆ ಚಕ್ರದ ಮೇಲಿನ ಕಮಾನನ್ನು. ಮೀನಿನ ಗಾಡಿಯಾದರೆ ಹಿಂದಿನ ಬಾಗಿಲಿನಿಂದಲೇ ಶುರು, ಐಸ್ ಕರಗಿದ ಉಪ್ಪುನೀರು ಅಲ್ಲಿಂದಲೇ ಸೋರುವುದಲ್ಲವಾ. ಕೆರೆದು, ಪುಟ್ಟಿ ತುಂಬಿ, ತಿಕ್ಕಿ, ಪ್ರೈಮರ್ ಕೊಟ್ಟು, ಬಣ್ಣ ಹೊಡೆದು, "ಇಲ್ಲಿ ಏನೂ ಆಗಲೇ ಇಲ್ಲ" ಎನ್ನುವ ಹಾಗೆ ಮಾಡಿ ಕೊಟ್ಟರೆ ಗಿರಾಕಿಗೆ ಖುಷಿ.

ಹಾಗಿರುವಾಗ ಹೋದ ಬೇಸಗೆ ರಜೆಯಲ್ಲಿ ನನ್ನ 14 ವರ್ಷದ ಮಗ ಅಂಗೈ ಅಗಲದ ಒಂದು ಪ್ಲಾಸ್ಟಿಕ್ ಗಾಡಿ ಹಿಡಿದುಕೊಂಡು ಗ್ಯಾರೇಜಿಗೆ ಬಂದು, "ಉಪ್ಪ, ಇದಕ್ಕೆ ತುಕ್ಕು ಹಿಡಿಸುವುದು ಹೇಗೆ?" ಎಂದು ಕೇಳಿದ. ಇಷ್ಟು ವರ್ಷದಲ್ಲಿ ಹಾಗೆ ಕೇಳಿದ ಗಿರಾಕಿ ಅವನೊಬ್ಬನೇ.

ಗಾಡಿ ಎಂದೆ, ಆದರೆ ಅದರ ಮೂಲ ನಮ್ಮ ಎಲ್ಲರ ಮನೆಯಲ್ಲೂ ಇರುವಂಥದ್ದೇ. ದುಬೈಯಿಂದ ನನ್ನ ತಮ್ಮ ಬಂದಾಗ ಪೆಟ್ಟಿಯಲ್ಲಿ ಖರ್ಜೂರ, ಹಾಲಿನ ಪುಡಿ, ಆ್ಯಕ್ಸ್ ಎಣ್ಣೆ, ಅತ್ತರಿನ ಜೊತೆಗೆ ಏಳೆಂಟು ಡಿಯೋ ಸ್ಟಿಕ್ಕುಗಳು ಬರುತ್ತವೆ. ಉಜ್ಜಿ ಮುಗಿದ ಮೇಲೆ ಆ ಚಪ್ಪಟೆ ಮೊಟ್ಟೆಯಾಕಾರದ ಖಾಲಿ ಡಬ್ಬಿ ಕಸದ ಬುಟ್ಟಿಗೆ. ಮಗ ಅಂಥ ಒಂದನ್ನು ಎತ್ತಿಕೊಂಡು, ಅಡ್ಡ ಮಲಗಿಸಿ, ಮುಚ್ಚಳವನ್ನು ಮೂತಿ ಮಾಡಿ, ಅಡಿಯಲ್ಲಿ ತಿರುಗಿಸುವ ಚಕ್ರವನ್ನು ಹಿಂದಿನ ಎಂಜಿನ್ ಮಾಡಿದ್ದ. ಅದು ನೆಲ ಮುಟ್ಟದೆ ತೇಲಿಕೊಂಡು ಹೋಗುವ, ಮುಂದಿನ ಕಾಲದ ಯುದ್ಧದ ಗಾಡಿಯಂತೆ.

ಇದು ಅವನ ತಲೆಯಲ್ಲಿ ಹುಟ್ಟಿದ್ದಲ್ಲ, ಹಿಂದೆ ಒಂದು ಕತೆ ಉಂಟು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಗೇಮ್ಸ್ ವರ್ಕ್‌ಶಾಪ್ ಎಂಬ ಕಂಪೆನಿ ಇದೆ. ಅವರು 1987ರಲ್ಲಿ 'ವಾರ್‌ಹ್ಯಾಮರ್ 40,000' ಎಂಬ ಆಟ ತಂದರು. ಕೇರಂ ಬೋರ್ಡಿನ ಹಾಗೆ ಮೇಜಿನ ಮೇಲೆ ಆಡುವ ಆಟ, ಆದರೆ ಮನೆಗಳಿಲ್ಲ, ಗೆರೆಗಳಿಲ್ಲ. ಸುಮಾರು ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಮೇಜಿನ ಮೇಲೆ ಗುಡ್ಡ, ಗೋಡೆ, ಮುರಿದ ಕಟ್ಟಡ ಇಟ್ಟು, ಬೆರಳುದ್ದದ ಸೈನಿಕರನ್ನೂ ಗಾಡಿಗಳನ್ನೂ ಟೇಪಿನಿಂದ ಇಂಚು ಅಳೆದು ಸರಿಸಬೇಕು. ಗುಂಡು ತಾಗಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಆಟದ ಅರ್ಧ ಮಜಾ ಆಡುವುದರಲ್ಲಿ, ಇನ್ನರ್ಧ ಗಾಡಿಗಳನ್ನು ತಾನೇ ಜೋಡಿಸಿ ಬಣ್ಣ ಬಳಿಯುವುದರಲ್ಲಿ. 1988ರಲ್ಲಿ ಅವರು ಇದೇ ಆಟಕ್ಕೆ 'ರೈನೋ' ಎಂಬ ಸೈನಿಕರನ್ನು ಸಾಗಿಸುವ ಗಾಡಿಯ ಪ್ಲಾಸ್ಟಿಕ್ ಕಿಟ್ ಮಾರುಕಟ್ಟೆಗೆ ತಂದರು. ಕಿಟ್‌ಗಳು ಬರುವುದಕ್ಕೆ ಮುಂಚೆ ಗಾಡಿ ಬೇಕಾದವರು ಕೈಯಲ್ಲೇ ಮಾಡಿಕೊಳ್ಳಬೇಕಿತ್ತು. ಆ ಕಂಪೆನಿಯದೇ 'ವೈಟ್ ಡ್ವಾರ್ಫ್' ಎಂಬ ಪತ್ರಿಕೆ ಡಿಯೋ ಡಬ್ಬಿಯಿಂದ ತೇಲುವ ಟ್ಯಾಂಕ್ ಮಾಡುವುದನ್ನು ಓದುಗರಿಗೆ ತೋರಿಸಿಕೊಟ್ಟಿತ್ತು. ಈ ಹವ್ಯಾಸದವರಲ್ಲಿ ಅದು ಇವತ್ತಿಗೂ ಮನೆಮಾತು. ಅಂಗಡಿಯ ಪೆಟ್ಟಿಗೆ ತೆರುವ ದುಡ್ಡು ನಮ್ಮಲ್ಲಿಲ್ಲ ಎಂದು ಮಗನಿಗೆ ಗೊತ್ತು. ಡಬ್ಬಿ ಮಾತ್ರ ಬೇಕಾದಷ್ಟು ಉಂಟು.

ಮೇಜಿನ ಮೇಲಿನ ಯುದ್ಧ ಇನ್ನೂ ಹಳೆಯದು. ಎಚ್. ಜಿ. ವೆಲ್ಸ್ ಎಂಬ ಇಂಗ್ಲಿಷ್ ಲೇಖಕ 1903ರಲ್ಲಿ 'ದಿ ಲ್ಯಾಂಡ್ ಐರನ್‌ಕ್ಲಾಡ್ಸ್' ಎಂಬ ಕತೆ ಬರೆದ. ನೆಲದ ಮೇಲೆ ಹರಿದಾಡುವ ಕಬ್ಬಿಣದ ದೈತ್ಯ ಗಾಡಿಗಳು ಅದರಲ್ಲಿ ಬರುತ್ತವೆ. ನಿಜವಾದ ಟ್ಯಾಂಕ್ ಯುದ್ಧಭೂಮಿಗೆ ಇಳಿದದ್ದು 1916ರ ಸೆಪ್ಟೆಂಬರಿನಲ್ಲಿ, ಫ್ರಾನ್ಸಿನ ಸೊಮ್ ಎಂಬಲ್ಲಿ. ನಡುವೆ 1913ರಲ್ಲಿ ಅದೇ ವೆಲ್ಸ್ 'ಲಿಟಲ್ ವಾರ್ಸ್' ಎಂಬ ಪುಸ್ತಕದಲ್ಲಿ ಆಟದ ಸೈನಿಕರಿಂದ ಯುದ್ಧ ಆಡುವ ನಿಯಮಗಳನ್ನು ಬರೆದ. ಅವನು ಯುದ್ಧ ಬೇಕೆನ್ನುವವನಲ್ಲ. ಈ ಆಟ ಆಡಿದರೆ ನಿಜವಾದ ಯುದ್ಧ ಎಷ್ಟು ಹುಚ್ಚು ಎಂದು ಗೊತ್ತಾಗುತ್ತದೆ ಎಂಬುದು ಅವನ ಅಭಿಪ್ರಾಯ. ಮರುವರ್ಷವೇ ಮೊದಲ ಮಹಾಯುದ್ಧ ಶುರುವಾಯಿತು. ಇದನ್ನೆಲ್ಲ ನನಗೆ ಹೇಳಿದ್ದು ಮಗನೇ. ಶಾಲೆಯ ಇತಿಹಾಸದ ಇಸವಿಗಳು ಅವನ ತಲೆಯಲ್ಲಿ ನಿಲ್ಲುವುದಿಲ್ಲ, ಇವು ನಿಂತಿವೆ.

ಇರಲಿ, ಗಾಡಿಗೆ ಬರುತ್ತೇನೆ.

ಡಬ್ಬಿ ಗಾಡಿಯಂತೆ ಕಾಣಬೇಕಾದರೆ ಅದಕ್ಕೆ ಅಳತೆ ಬರಬೇಕು. ಈ ಆಟಗಳಲ್ಲಿ ನಿಂತ ಮನುಷ್ಯ ಸುಮಾರು 28ರಿಂದ 32 ಮಿಲಿಮೀಟರ್. ಅಂದರೆ ಬಾಗಿಲು ಹೆಚ್ಚುಕಡಿಮೆ ಅಷ್ಟು ಎತ್ತರ ಇರಬೇಕು, ಹತ್ತುವ ಮೆಟ್ಟಿಲಿನ ಅಂತರ ಐದಾರು ಮಿಲಿಮೀಟರ್ ಸಾಕು. ಬಾಗಿಲು, ಹಿಡಿಕೆ, ಏಣಿ ಕಂಡ ಕೂಡಲೇ ಕಣ್ಣು ಲೆಕ್ಕ ಹಾಕುತ್ತದೆ, ಡಬ್ಬಿ ಮಾಯವಾಗಿ ಲಾರಿಯಷ್ಟು ದೊಡ್ಡ ಗಾಡಿ ಕಾಣುತ್ತದೆ. ಮಗ ಬಿಸ್ಕೆಟ್ ಪೆಟ್ಟಿಗೆಯ ರಟ್ಟಿನಿಂದ ಬಾಗಿಲು ಕತ್ತರಿಸಿದ. ಸ್ಟ್ಯಾಪ್ಲರ್ ಪಿನ್ನುಗಳು ಹಿಡಿಕೆ ಮತ್ತು ಏಣಿಯಾದವು. ಮೇಲಿನ ಕಿಂಡಿಗೆ ಟಿಚ್ ಬಟನ್, ಎಂಜಿನ್ ಜಾಲರಿಗೆ ಸೊಳ್ಳೆಪರದೆಯ ತುಂಡು. ಸೂಜಿ ಮೊನೆಯಲ್ಲಿ ಫೆವಿಕಾಲಿನ ಚುಕ್ಕೆ ಇಟ್ಟು ಒಣಗಿಸಿದರೆ ರಿವೆಟ್. ಮುಂದಿನ ಲೈಟುಗಳಿಗೆ ಉಮ್ಮನ ಬಿಪಿ ಮಾತ್ರೆಯ ಸ್ಟ್ರಿಪ್ಪಿನಿಂದ ಎರಡು ಖಾಲಿ ಗುಳ್ಳೆ. ನೆತ್ತಿಯ ಮೇಲೆ ಪೆನ್ನಿನ ರೀಫಿಲ್ಲಿನ ಉದ್ದನೆಯ ತೋಪು.

ಬಣ್ಣ ಮಾತ್ರ ನಿಲ್ಲಲಿಲ್ಲ. ಬಳಿದ ಮರುದಿನ ಉಗುರು ತಾಗಿದರೆ ಹಾಳೆ ಹಾಳೆಯಾಗಿ ಎದ್ದು ಬರುತ್ತಿತ್ತು. ಇಲ್ಲಿ ನನ್ನ ಕಸುಬು ಕೆಲಸಕ್ಕೆ ಬಂತು. ಡಬ್ಬಿಯ ತಳದಲ್ಲಿ ತ್ರಿಕೋನದೊಳಗೆ 5 ಎಂಬ ಅಂಕಿ ಇತ್ತು. ಅದು ಪಾಲಿಪ್ರೊಪಿಲೀನ್. ಕಾರಿನ ಬಂಪರಿನಲ್ಲೂ ಹೆಚ್ಚಾಗಿ ಇರುವುದು ಇದೇ ಜಾತಿಯ ಪ್ಲಾಸ್ಟಿಕ್. ಇದು ಬಣ್ಣವನ್ನೂ ಅಂಟನ್ನೂ ಸುಲಭದಲ್ಲಿ ಒಪ್ಪುವುದಿಲ್ಲ. ಮೊದಲು ಒಳಗಿನ ಮೇಣದಂಥ ಜಿಡ್ಡನ್ನು ಬಿಸಿನೀರು, ಪಾತ್ರೆ ತೊಳೆಯುವ ಸೋಪಿನಲ್ಲಿ ಪೂರ್ತಿ ಕಳೆಯಬೇಕು. ಹೊಳಪು ಹೋಗುವವರೆಗೆ ಸಣ್ಣ ಎಮರಿ ಕಾಗದದಲ್ಲಿ ತಿಕ್ಕಬೇಕು. ಬಂಪರಿಗೆ ಹೊಡೆಯುವ ಪ್ಲಾಸ್ಟಿಕ್ ಪ್ರೈಮರ್ ತೆಳ್ಳಗೆ ಒಂದು ಕೋಟ್ ಕೊಡಬೇಕು, ಅದರ ಮೇಲೆ ಮಾಮೂಲಿ ಬೂದು ಪ್ರೈಮರ್. ಭಾರದ ತುಂಡುಗಳಿಗೆ ಅಂಟು ಮಾತ್ರ ಸಾಲದು, ಸಣ್ಣ ತೂತು ಕೊರೆದು ತಂತಿ ತೂರಿಸಬೇಕು. ಪ್ರೈಮರ್ ಹೊಡೆಯುವ ಕೆಲಸ ನಾನೇ ಮಾಡಿದೆ, ಮಾಸ್ಕ್ ಹಾಕಿಕೊಂಡು, ಅಂಗಳದಲ್ಲಿ. ಗ್ಯಾರೇಜಿನ ಬಣ್ಣ, ಹಾರ್ಡ್‌ನರ್, ಥಿನ್ನರ್ ಯಾವುದೂ ಮಕ್ಕಳ ಕೈಗೆ ಸಿಗಬಾರದು. ಅವನ ಪಾಲಿನ ಕೆಲಸಕ್ಕೆ ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣವೇ ಧಾರಾಳ.

ಬೂದು ಪ್ರೈಮರ್ ಒಣಗಲು ಗಾಡಿಯನ್ನು ಊಟದ ಮೇಜಿನ ಮೇಲೆ ಇಟ್ಟಿದ್ದೆವು. ಉಮ್ಮ ನೋಡಿದರು. ಮನೆಯಲ್ಲಿ ಮನುಷ್ಯರ ಗೊಂಬೆಗಳನ್ನು ಇಡುವುದು ಬೇಡ ಎಂದು ಅವರು ಮೊದಲೇ ಹೇಳಿದ್ದರು, ಅದಕ್ಕೆ ಮಗನೂ ಒಪ್ಪಿ ಗಾಡಿಯನ್ನಷ್ಟೇ ಮಾಡಿದ್ದ. ಹಾಗಾಗಿ ಈ ಸಲ ತಕರಾರು ಬರಲಿಕ್ಕಿಲ್ಲ ಎಂದುಕೊಂಡಿದ್ದೆವು. ಉಮ್ಮ ಆ ರೀಫಿಲ್ಲಿನ ತೋಪನ್ನೇ ಸ್ವಲ್ಪ ಹೊತ್ತು ನೋಡಿ, ಬ್ಯಾರಿಯಲ್ಲಿ ನನ್ನನ್ನು ಕೇಳಿದರು: "ಮೋನು, ದಿನಾ ಟಿವಿಯಲ್ಲಿ ಇದು ಮನೆಗಳ ಮೇಲೆ ಹೋಗುವುದನ್ನು ನೋಡುತ್ತೇವಲ್ಲ. ಊಟ ಮಾಡುವ ಜಾಗದಲ್ಲೂ ಬೇಕಾ?"

"ಅದು ಆಟದ್ದು, ಉಮ್ಮ" ಎಂದೆ.

ಉಮ್ಮ ಮೊಮ್ಮಗನ ಕಡೆ ತಿರುಗಿದರು. "ಇದರ ಒಳಗೆ ಯಾರಿದ್ದಾರೆ?"

"ಸೈನಿಕರು."

"ಹೊರಗೆ?"

ಅವನು ಉತ್ತರ ಕೊಡಲಿಲ್ಲ. ಉಮ್ಮ ಕೋಪದಿಂದ ಕೇಳಿದ್ದಲ್ಲ. ಗಾಡಿಯನ್ನು ಎತ್ತಿ ಬದಿಗಿಡಲೂ ಇಲ್ಲ, ಅದರ ಪಕ್ಕದಲ್ಲೇ ತಟ್ಟೆ ಇಟ್ಟು ಉಂಡರು. ಆದರೆ ಎರಡು ವಾರ ಆ ಗಾಡಿ ಬೂದು ಬಣ್ಣದಲ್ಲೇ ಕಪಾಟಿನ ಮೇಲೆ ಕುಳಿತಿತ್ತು. ಹೋಗಲಿ, ಹುಡುಗನ ಹುಮ್ಮಸ್ಸು ಇಳಿಯಿತು ಎಂದುಕೊಂಡೆ.

ಒಂದು ದಿನ ಸಂಜೆ ಅವನು ಕೇಳಿದ: "ಉಪ್ಪ, ಕೊರೊನಾದಲ್ಲಿ ನಮ್ಮ ಗ್ಯಾರೇಜಿಗೆ ಒಂದು ಆ್ಯಂಬುಲೆನ್ಸ್ ಬಂದಿತ್ತಲ್ಲ, ಅದರ ಕೆಳಗಡೆ ಹೇಗೆ ಆಗಿತ್ತು?"

ಈ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಹೊರಗಿನ ಓದುಗರಿಗಾಗಿ ಬರೆಯುತ್ತೇನೆ. ಮಂಜೇಶ್ವರ, ಉಪ್ಪಳ, ಕುಂಬಳೆಯ ನಮಗೆ ಜಿಲ್ಲೆ ಕಾಸರಗೋಡು, ರಾಜ್ಯ ಕೇರಳ. ಆದರೆ ಕಾಯಿಲೆ ದೊಡ್ಡದಾದರೆ ಹೋಗುವುದು ಮಂಗಳೂರಿಗೆ, ದೇರಳಕಟ್ಟೆಗೆ. ಹೆರಿಗೆ, ಹೃದಯ, ಡಯಾಲಿಸಿಸ್ ಎಲ್ಲ ಅಲ್ಲೇ. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ಗಡಿ ಮುಚ್ಚಿತು. ಒಳದಾರಿಗಳಿಗೂ ಮಣ್ಣಿನ ರಾಶಿ ಬಿತ್ತು. ರೋಗಿಗಳಿದ್ದ ಗಾಡಿಗಳು ಹಿಂದಿರುಗಿದವು. ಸಮಯಕ್ಕೆ ಚಿಕಿತ್ಸೆ ಸಿಗದೆ ಜೀವ ಹೋದವರಿದ್ದಾರೆ. ವಿಷಯ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು.

ಲಾಕ್‌ಡೌನ್ ಸಡಿಲವಾದ ಮೇಲೆ ಒಂದು ಆ್ಯಂಬುಲೆನ್ಸ್ ನನ್ನಲ್ಲಿಗೆ ಪೇಂಟಿಗೆ ಬಂದಿತ್ತು. ಡ್ರೈವರ್ ಹೆಚ್ಚು ಮಾತಾಡಲಿಲ್ಲ. ಮುಂದಿನ ಬಂಪರಿನ ಕೆಳಗೆ ಅಡ್ಡಡ್ಡ ತರಚಿತ್ತು. ಎಡಬದಿಯ ಬಾಗಿಲಿನುದ್ದಕ್ಕೂ ಮುಳ್ಳುಬೇಲಿ ಗೀರಿದ ಗೆರೆಗಳು. ಹಿಂದಿನ ಮೆಟ್ಟಿಲು ಮಣ್ಣಿಗೆ ಬಡಿದು ಒಳಕ್ಕೆ ಬಾಗಿತ್ತು. ಹೋಗುವ ದಾರಿಯೇ ಅಲ್ಲದ ಕಡೆ ಹೋಗಲು ನೋಡಿದ್ದ ಗಾಡಿ ಅದು. ಮೂರು ದಿನದಲ್ಲಿ ನಾನು ಅದನ್ನು ಹೊಸದರಂತೆ ಮಾಡಿ ಕೊಟ್ಟೆ. ಆಗ ಮಗನಿಗೆ ಒಂಬತ್ತು ವರ್ಷ, ಶಾಲೆ ಇರಲಿಲ್ಲ, ದಿನವಿಡೀ ಗ್ಯಾರೇಜಿನಲ್ಲೇ ಇರುತ್ತಿದ್ದ. ಅವನಿಗೆ ಅದೆಲ್ಲ ನೆನಪಿರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಮರುದಿನ ಅವನು ತೋಪನ್ನು ಕಿತ್ತ. ಆ ರೀಫಿಲ್ಲನ್ನು ತುಂಡು ಮಾಡಿ ಮೇಲಿನ ಸರ್ಚ್ ಲೈಟಿನ ಕಂಬ ಮಾಡಿದ. ಬದಿಯ ಕಿಂಡಿ ಕಿತ್ತು ಸ್ಟ್ರೆಚರ್ ಹೋಗುವಷ್ಟು ಅಗಲದ ಬಾಗಿಲು ಇಟ್ಟ. "ಇದು ತೇಲುತ್ತದಲ್ಲ ಉಪ್ಪ, ಮಣ್ಣು ಹಾಕಿದರೂ ಮೇಲಿಂದ ಹೋಗುತ್ತದೆ" ಎಂದ. ಆಗ ನನಗೆ ತೇಲುವ ಗಾಡಿಯ ಅರ್ಥ ಆಯಿತು. ಅಲ್ಲಿಯವರೆಗೆ ಅದು ಚಕ್ರ ಮಾಡುವ ತಾಪತ್ರಯ ತಪ್ಪಿಸುವ ಉಪಾಯ ಎಂದೇ ತಿಳಿದಿದ್ದೆ.

ಆ್ಯಂಬುಲೆನ್ಸ್ ಎಂದ ಮೇಲೆ ಬಿಳಿ. ಬಿಳಿಯಷ್ಟು ಸತಾಯಿಸುವ ಬಣ್ಣ ಇನ್ನೊಂದಿಲ್ಲ. ಅದು ಅಡಿಯದ್ದನ್ನು ಬೇಗ ಮುಚ್ಚುವುದಿಲ್ಲ, ದಪ್ಪ ಬಳಿದರೆ ರಿವೆಟ್ಟುಗಳೆಲ್ಲ ಮುಳುಗುತ್ತವೆ. ತಿಳಿ ಬೂದು ಬಣ್ಣದಿಂದ ಶುರು ಮಾಡಿ, ನೀರು ಬೆರೆಸಿದ ತೆಳು ಬಿಳಿಯನ್ನು ನಾಲ್ಕೈದು ಸಲ, ಪ್ರತಿ ಸಲ ಒಣಗಲು ಬಿಟ್ಟು ಕೊಡಬೇಕು. ಆಮೇಲೆ ತುಂಬಾ ನೀರಾದ ಕಂದು ಬಣ್ಣವನ್ನು ಸಂದುಗಳಲ್ಲಿ ಹರಿಸಬೇಕು. ಬಾಗಿಲಿನ ಸುತ್ತ, ರಿವೆಟ್ಟಿನ ಬುಡದಲ್ಲಿ ಅದು ತಾನಾಗಿ ನಿಂತು ನೆರಳಾಗುತ್ತದೆ.

ತುಕ್ಕಿನ ಪಾಠ ಹೇಳಿಕೊಟ್ಟದ್ದು ನಾನು. ಎರಡು ದಾರಿ. ಒಂದು, ಪಾರ್ಸೆಲಿನಲ್ಲಿ ಬರುವ ಸ್ಪಂಜಿನ ಚೂರನ್ನು ಗಾಢ ಕಂದು ಬಣ್ಣಕ್ಕೆ ಅದ್ದಿ, ಕಾಗದದ ಮೇಲೆ ಮುಕ್ಕಾಲುಪಾಲು ಒರೆಸಿ, ಅಂಚುಗಳಿಗೆ ಮೆಲ್ಲ ತಾಗಿಸುವುದು. ಬಣ್ಣ ಎದ್ದುಹೋದ ಹಾಗೆ ಚುಕ್ಕೆಗಳು ಬೀಳುತ್ತವೆ. ಇನ್ನೊಂದು ಉಪ್ಪಿನದು. ತುಕ್ಕಿನ ಬಣ್ಣ ಮೊದಲು ಬಳಿದು ಒಣಗಿಸಿ, ಆ ಜಾಗವನ್ನು ಒದ್ದೆ ಮಾಡಿ ಉಪ್ಪಿನ ಹರಳು ಉದುರಿಸಬೇಕು. ನೀರು ಆರಿದಾಗ ಹರಳು ಅಲ್ಲೇ ಕಚ್ಚಿಕೊಳ್ಳುತ್ತದೆ. ಅದರ ಮೇಲೆ ಬಿಳಿ ಕೊಟ್ಟು, ಒಣಗಿದ ಮೇಲೆ ಹಳೆಯ ಬ್ರಶ್ಶಿನಿಂದ ಉಜ್ಜಿದರೆ ಹರಳು ಇದ್ದಲ್ಲೆಲ್ಲ ತುಕ್ಕು ಇಣುಕುತ್ತದೆ. ಯಾವ ಉಪ್ಪಿನ ಜೊತೆ ನಾನು ಜೀವಮಾನವಿಡೀ ಜಗಳ ಆಡಿದ್ದೇನೋ ಅದೇ ಉಪ್ಪು ಇಲ್ಲಿ ಕೂಲಿಯಾಳು.

ಆದರೆ ತುಕ್ಕನ್ನು ಎಲ್ಲೆಂದರಲ್ಲಿ ಹಾಕಿದರೆ ಅದು ಹುಸಿ ಎಂದು ನೋಡಿದವನಿಗೆ ಗೊತ್ತಾಗುತ್ತದೆ. ಕೈ ಹೆಚ್ಚು ತಾಗುವ ಹಿಡಿಕೆಯ ಸುತ್ತ ಬಣ್ಣ ಸವೆಯುತ್ತದೆ, ಅಲ್ಲಿ ತುಕ್ಕಲ್ಲ, ಹೊಳಪು. ಕಾಲಿಡುವ ಮೆಟ್ಟಿಲಲ್ಲಿ ಬಣ್ಣವೇ ಇರುವುದಿಲ್ಲ. ನೀರು ನಿಲ್ಲುವ ಕೆಳ ಅಂಚಿನಲ್ಲಿ ತುಕ್ಕು, ಅಲ್ಲಿಂದ ಕೆಳಕ್ಕೆ ಕಂದು ಗೆರೆ. ತೇಲುವ ಗಾಡಿಗೆ ಚಕ್ರ ಕೆಸರು ಎರಚುವುದಿಲ್ಲ. ಮತ್ತೆ ಧೂಳು ಎಲ್ಲಿ? ಇದಕ್ಕೆ ನಾವಿಬ್ಬರೂ ಒಂದು ಸಂಜೆಯಿಡೀ ಚರ್ಚೆ ಮಾಡಿದೆವು. ಹೆಲಿಕಾಪ್ಟರ್ ಇಳಿಯುವಾಗ ಧೂಳು ಎದ್ದು ಸುತ್ತ ಹರಡುವ ಹಾಗೆ ಇಲ್ಲಿಯೂ ಅಡಿಯ ಗಾಳಿ ಧೂಳನ್ನು ಎಬ್ಬಿಸುತ್ತದೆ, ಅದು ಹೊಟ್ಟೆಯ ಭಾಗಕ್ಕೂ ಹಿಂಬದಿಗೂ ಹತ್ತುತ್ತದೆ ಎಂದು ತೀರ್ಮಾನವಾಯಿತು. ಧೂಳಿಗೆ ಬಣ್ಣ ಕೊಳ್ಳಲಿಲ್ಲ. ಅಂಗಳದ ಕೆಂಪುಕಲ್ಲನ್ನು ಪುಡಿ ಮಾಡಿ, ಉಮ್ಮನ ಹಳೆಯ ಮಲ್ ಬಟ್ಟೆಯಲ್ಲಿ ಸೋಸಿ, ಒಣ ಬ್ರಶ್ಶಿನಿಂದ ತಟ್ಟಿ, ಮೇಲಿಂದ ಮ್ಯಾಟ್ ವಾರ್ನಿಶ್ ಕೊಟ್ಟೆವು. ಈಗ ಅದು ಯಾವ ಗ್ರಹದ ಗಾಡಿಯಾದರೂ ಸರಿ, ಓಡುವುದು ನಮ್ಮ ರಸ್ತೆಯಲ್ಲೇ.

ಕೊನೆಗೆ ಅವನು ಆ ಮೂರು ಗುರುತುಗಳನ್ನು ಹಾಕಿದ. ಮೂತಿಯ ಕೆಳಗೆ ಅಡ್ಡ ತರಚು, ಎಡಬದಿಗೆ ಸೂಜಿಯಲ್ಲಿ ಗೀರಿದ ಉದ್ದ ಗೆರೆಗಳು, ಹಿಂದಿನ ಮೆಟ್ಟಿಲು ಒಳಕ್ಕೆ ಬಾಗಿದ್ದು. ನಾನು ಮೂರು ದಿನ ಕುಳಿತು ಅಳಿಸಿದ್ದನ್ನು ಅವನು ಮೂರು ದಿನ ಕುಳಿತು ಬರೆದ. ಗ್ಯಾರೇಜಿನಲ್ಲಿ ನನ್ನ ಕೆಲಸ ಅಳಿಸುವುದೇ, ನಾಳೆಯೂ ಅದನ್ನೇ ಮಾಡುತ್ತೇನೆ, ಗಾಡಿ ಮತ್ತೆ ರಸ್ತೆಗೆ ಇಳಿಯಬೇಕಲ್ಲ. ಆದರೆ ಏನಾಯಿತು ಎಂಬುದು ಒಂದು ಕಡೆಯಾದರೂ ಉಳಿಯಲಿ ಎಂದು ಆ ಸಣ್ಣ ಗೆರೆಗಳನ್ನು ನೋಡಿದಾಗ ಅನಿಸಿತು.

ಆಟದ ನಿಯಮಗಳನ್ನೂ ಅವನೇ ಬರೆದ. ಒಂದು ಪ್ಲೈವುಡ್ ಹಲಗೆ. ಒಂದು ತುದಿಯಲ್ಲಿ ಊರು, ಇನ್ನೊಂದು ತುದಿಯಲ್ಲಿ ಆಸ್ಪತ್ರೆ, ನಡುವೆ ನಿಜವಾದ ಮಣ್ಣಿನ ಎರಡು ಸಾಲು ರಾಶಿ. ಮನುಷ್ಯರ ಬದಲು 12 ಮಂಜೊಟ್ಟಿ ಬೀಜ. ಎದುರಾಳಿಗೆ ಸೋಡಾ ಬಾಟಲಿ ಮುಚ್ಚಳದ ಕಾವಲು ಯಂತ್ರಗಳು, ಅವಕ್ಕೆ ತೋಪುಗಳಿವೆ. ಗಾಡಿ ಒಂದು ಸರದಿಗೆ ಎಂಟು ಇಂಚು ಓಡುತ್ತದೆ. ನಾಲ್ಕಕ್ಕಿಂತ ಹೆಚ್ಚು ಬೀಜ ತುಂಬಿಸಿದರೆ ನಾಲ್ಕೇ ಇಂಚು, ಮತ್ತು ಮಣ್ಣಿನ ರಾಶಿ ದಾಟಲು ದಾಳದಲ್ಲಿ ಐದೋ ಆರೋ ಬೀಳಬೇಕು. ಹತ್ತು ಸರದಿಯೊಳಗೆ ಎಷ್ಟು ಬೀಜ ಆಚೆ ಮುಟ್ಟಿತು ಎಂಬುದೇ ಗೆಲುವಿನ ಲೆಕ್ಕ. ಶತ್ರುವನ್ನು ಹೊಡೆದುರುಳಿಸಿದ್ದಕ್ಕೆ ಅಂಕ ಇಲ್ಲ.

ಒಂದು ಶುಕ್ರವಾರ ಜುಮಾ ಮುಗಿಸಿ, ಊಟ ಆದ ಮೇಲೆ ಪಕ್ಕದ ಮನೆಯ ಹುಡುಗ ಬಂದ. ಆಟ ಶುರುವಾಯಿತು. ಉಮ್ಮ ಕುರ್ಚಿ ಎಳೆದುಕೊಂಡು ಹತ್ತಿರ ಕುಳಿತರು. ಮಗ ಬುದ್ಧಿವಂತಿಕೆಯಿಂದ ನಾಲ್ಕು ನಾಲ್ಕು ಬೀಜ ತುಂಬಿಸಿ ಎರಡು ಸಲ ದಾಟಿಸಿದ. ಗಾಡಿ ಖಾಲಿಯಾಗಿ ಮೂರನೇ ಸಲಕ್ಕೆ ಊರ ಕಡೆ ತಿರುಗಿದಾಗ ಉಳಿದದ್ದು ಒಂದೇ ಸರದಿ.

"ಮುಗಿಯಿತು, ಎಂಟು ಆಯಿತು, ನಾನೇ ಗೆದ್ದೆ" ಎಂದು ಅವನು ಎದ್ದ. ಎದುರಿನ ಹುಡುಗನೂ ಒಪ್ಪಿದ.

ಉಮ್ಮ ಹಲಗೆಯ ಈಚೆ ತುದಿಯಲ್ಲಿದ್ದ ನಾಲ್ಕು ಕೆಂಪು ಬೀಜಗಳ ಮೇಲೆ ಬೆರಳಿಟ್ಟರು. "ಇವರು?"

ಇಬ್ಬರು ಹುಡುಗರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಮಗ ಮತ್ತೆ ಕುಳಿತು, ನಿಯಮದ ಪುಸ್ತಕ ತೆರೆದು, ಹತ್ತು ಸರದಿ ಎಂಬುದನ್ನು ಹೊಡೆದುಹಾಕಿದ.